ಗಿರಣಿ ಚಿಮಣಿಯ ಫೋಟೋ ತೆಗೆದ ಕಾಕಾ

ಎರಡು ತಿಂಗಳ ಹಿಂದೆ ಅವರು ತೀರಿಕೊಂಡಾಗ ಪತ್ರಿಕೆಯ ಒಳಪುಟದಲ್ಲಿ ನಾಲ್ಕು ಸಾಲಿನ ಸುದ್ದಿ ಬಂದಿತ್ತು. ಯಾದಗಿರಿಯ ಹಳೆಯ ಹತ್ತಿ ಗಿರಣಿಯ ಚಿಮಣಿ ಉರುಳುವುದನ್ನು ಕ್ಯಾಮೆರಾದಲ್ಲಿ ಹಿಡಿದಿದ್ದ ಶಹಾಪುರದ ಹಿರಿಯ ಛಾಯಾಗ್ರಾಹಕರು ಇನ್ನಿಲ್ಲ ಎಂದು. ಸುದ್ದಿಯ ಪಕ್ಕದಲ್ಲಿ ಅವರ ಮುಖವಿರಲಿಲ್ಲ, ಚಿಮಣಿಯ ಚಿತ್ರವಿತ್ತು. ಬುಡ ಮುರಿದು, ನಡು ಸ್ವಲ್ಪ ಬಾಗಿ, ತುದಿ ಇನ್ನೂ ಆಕಾಶದಲ್ಲೇ ಇರುವ ಆ ಚಿತ್ರ ನಮ್ಮ ಕಡೆಯ ಎಷ್ಟೋ ಚಹಾದಂಗಡಿಗಳ ಗೋಡೆಯ ಮೇಲೆ ಈಗಲೂ ಇದೆ. ಮೂವತ್ತೈದು ವರ್ಷ ಮನುಷ್ಯರ ಮುಖವನ್ನೇ ತೆಗೆದವರನ್ನು ಜನ ನೆನಪಿಟ್ಟುಕೊಂಡದ್ದು ಮನುಷ್ಯರೇ ಕಾಣದ ಒಂದು ಚಿತ್ರದಿಂದ. ಅದಕ್ಕೂ ಮೊದಲು, ಅದೇ ಜಾಗದಲ್ಲಿ ನಿಂತು ಅವರು ತೆಗೆದ ಚಿತ್ರಗಳಲ್ಲಿ ಮನುಷ್ಯರಿದ್ದರು. ಅದು ಗೊತ್ತಿದ್ದವರು ಕಡಿಮೆ. ಪಕ್ಕದ ಅಂಗಡಿಯವಳಾದ ನನಗೆ ಗೊತ್ತಿದೆ.

ಶಹಾಪುರದ ಬಸ್ ನಿಲ್ದಾಣದ ಎದುರಿನ ಸಾಲಿನಲ್ಲಿ ನನ್ನ ಟೈಪಿಂಗ್ ಕ್ಲಾಸು, ಅದಕ್ಕೆ ಅಂಟಿಕೊಂಡು ಅವರ ಸ್ಟುಡಿಯೋ. ನಡುವೆ ಒಂದೇ ಗೋಡೆ. ನಾನು ಬಂದ ಹೊಸದರಲ್ಲಿ ಎಂಟು ಮಷಿನ್‌ಗಳಿದ್ದವು. ಮಕ್ಕಳೆಲ್ಲ ಒಮ್ಮೆಲೇ ಬಡಿಯತೊಡಗಿದರೆ ತಗಡಿನ ಮೇಲೆ ಆಲಿಕಲ್ಲು ಬಿದ್ದಂತೆ ಸದ್ದು. ಅದರ ಬಗ್ಗೆ ಅವರು ಒಂದು ದಿನವೂ ದೂರಲಿಲ್ಲ. ಯಾರಾದರೂ ಫೋಟೋಕ್ಕೆ ಕೂತಾಗ ಮಾತ್ರ ಗೋಡೆಯನ್ನು ಎರಡು ಸಲ ಬೆರಳಿನಿಂದ ಕುಟ್ಟುತ್ತಿದ್ದರು. ನಮ್ಮ ಹುಡುಗಿಯರು ಕೈ ತಡೆಯುತ್ತಿದ್ದರು. ಆ ಕಡೆ ಫೋಟೋ ಆದ ಮೇಲೆ ಮತ್ತೆ ಒಂದು ಸಲ ಕುಟ್ಟಿದರೆ ಬಡಿತ ಶುರು. ನನಗಿಂತ ಹದಿನೈದು ವರ್ಷ ದೊಡ್ಡವರು, ಆದರೂ ಪಾಠ ಹೇಳುವವಳೆಂದು ನನ್ನನ್ನು ‘ಅಕ್ಕೋರ’ ಎಂದೇ ಕರೆಯುತ್ತಿದ್ದರು. ನಾವೆಲ್ಲ ಅವರಿಗೆ ಕಾಕಾ ಅನ್ನುತ್ತಿದ್ದೆವು.

ಎತ್ತರದ, ತೆಳ್ಳಗಿನ ಆಳು. ಕುತ್ತಿಗೆ ಸ್ವಲ್ಪ ಮುಂದಕ್ಕೆ. ಮೇಲಿನ ಗುಂಡಿಯವರೆಗೂ ಹಾಕಿದ ಬಿಳಿ ಅಂಗಿ. ‘ನಗ್ರಿ’ ಎಂದು ಅವರು ಯಾರಿಗೂ ಹೇಳಿದ್ದನ್ನು ನಾನು ಕೇಳಿಲ್ಲ. ಗದ್ದವನ್ನು ಎರಡು ಬೆರಳಿಂದ ಒಂದಿಷ್ಟು ಎತ್ತಿ, ಹಿಂದೆ ಸರಿದು, “ಮನ್ಯಾಗ ಯಾರ್ಯಾರ ಅದಾರ?” ಎಂದು ಕೇಳುತ್ತಿದ್ದರು. ಕೂತವರು ಉತ್ತರ ಹೇಳಲು ಬಾಯಿ ತೆರೆಯುವ ಮೊದಲು ಮುಖದಲ್ಲಿ ಏನೋ ಒಂದು ಬರುತ್ತದಲ್ಲ, ಆಗ ಬಟನ್ ಒತ್ತುತ್ತಿದ್ದರು. ಬಸ್ ಪಾಸಿನ ಫೋಟೋಕ್ಕೂ ಅದೇ ಪ್ರಶ್ನೆ. ಒಮ್ಮೆ ಒಬ್ಬ ಮುದುಕ, “ಯಾರೂ ಇಲ್ಲಪ್ಪ” ಎಂದಿದ್ದನಂತೆ. ಆ ಫೋಟೋವನ್ನು ಅವನಿಗೆ ಕೊಡಲು ಮನಸ್ಸಾಗದೆ, ಮರುದಿನ ಕರೆಸಿ ಇನ್ನೊಂದು ತೆಗೆದರು. “ಈ ಸಲ ಏನ್ ಕೇಳಿದ್ರಿ ಕಾಕಾ?” ಎಂದೆ. “ಎತ್ತು ಎಷ್ಟ ಅವ ಅಂತ ಕೇಳ್ದೆ” ಅಂದರು.

ಆದರೆ ದೂರದ ಊರಿನವರು ಅವರನ್ನು ಹುಡುಕಿಕೊಂಡು ಬರುತ್ತಿದ್ದದ್ದು ಬೇರೆ ಕೆಲಸಕ್ಕೆ. ನಮ್ಮ ಹಳ್ಳಿಗಳಲ್ಲಿ ಎಷ್ಟೋ ಹಿರಿಯರಿಗೆ ಜೀವ ಇದ್ದಾಗ ಫೋಟೋ ಇರುತ್ತಿರಲಿಲ್ಲ. ಸತ್ತ ಮೇಲೆ, ಕಟ್ಟೆಗೆ ಆನಿಸಿ ಕೂರಿಸಿ, ಹೂವಿನ ಹಾರ ಹಾಕಿ ಒಂದು ತೆಗೆಸುತ್ತಿದ್ದರು. ಅದನ್ನು ತಂದು ಕಾಕಾನ ಮುಂದೆ ಇಡುತ್ತಿದ್ದರು. ಕಾಕಾ ಆ ಮುಖದ ಮುಚ್ಚಿದ ಕಣ್ಣು ತೆರೆಸುತ್ತಿದ್ದರು. ಮೊದಲು ಕುಂಚದಿಂದ, ಆಮೇಲೆ ಕಂಪ್ಯೂಟರಿನಲ್ಲಿ. ಬೇರೆಯವರೂ ಇದನ್ನು ಮಾಡುತ್ತಿದ್ದರು, ಆದರೆ ಅವರು ಬಿಡಿಸಿದ ಕಣ್ಣುಗಳು ಎಲ್ಲರ ಮುಖದಲ್ಲೂ ಒಂದೇ ಥರ ಇರುತ್ತಿದ್ದವು. ಕಾಕಾ ಮಾತ್ರ, “ಇವ್ರ ಕಣ್ಣು ಮನ್ಯಾಗ ಯಾರಿಗಿ ಬಂದಾವ?” ಎಂದು ಕೇಳುತ್ತಿದ್ದರು. ಮಗನಿಗೋ ತಂಗಿಗೋ ಬಂದಿರುತ್ತಿದ್ದವು. ಅವರನ್ನು ಕರೆಸಿ, ಕೂರಿಸಿ, ಅವರ ಕಣ್ಣಿನ ಫೋಟೋ ತೆಗೆದು, ಅದನ್ನೇ ಸತ್ತವರ ಮುಖಕ್ಕೆ ಹೊಂದಿಸುತ್ತಿದ್ದರು. ವಡಗೇರಾದ ಒಬ್ಬ ಹೆಣ್ಣುಮಗಳು ತನ್ನ ಅಪ್ಪನ ಫೋಟೋ ಕೈಗೆ ಬಂದಾಗ ಸ್ಟುಡಿಯೋದ ಮೆಟ್ಟಿಲಲ್ಲೇ ಕೂತು ಸೆರಗಿನಿಂದ ಅದರ ಗಾಜು ಒರೆಸುತ್ತಿದ್ದುದು ನನ್ನ ಕಣ್ಣ ಮುಂದಿದೆ. ಒರೆಸಲು ಅದರ ಮೇಲೆ ಏನೂ ಇರಲಿಲ್ಲ.

ಮುಖ ಬಿಟ್ಟು ಬೇರೆ ಏನನ್ನೂ ತೆಗೆಯುವುದು ಅವರಿಗೆ ಸೇರುತ್ತಿರಲಿಲ್ಲ. ಭೀಮರಾಯನಗುಡಿಯ ನೀರಾವರಿ ಕ್ಯಾಂಪಿನ ಅಧಿಕಾರಿಯೊಬ್ಬರು ಒಮ್ಮೆ ಬೋನಾಳ ಕೆರೆಯ ಹಕ್ಕಿಗಳ ಫೋಟೋ ಬೇಕೆಂದು ಅವರನ್ನು ಜೀಪಿನಲ್ಲಿ ಕರೆದೊಯ್ದಿದ್ದರು. ಇಡೀ ದಿನ ಕೆರೆಯ ದಂಡೆಯಲ್ಲಿದ್ದು ಬಂದವರ ಹತ್ತಿರ ಇದ್ದದ್ದು, ಆ ಅಧಿಕಾರಿಯ ಹೆಂಡತಿ ಮಕ್ಕಳು ಬಾಯಿ ತೆರೆದು ಮೇಲೆ ನೋಡುತ್ತಿರುವ ಫೋಟೋಗಳು. ಹಕ್ಕಿ ಒಂದೂ ಇಲ್ಲ. “ಹಕ್ಕಿ ನನ್ನ ಮಾತಿಗಿ ನಿಂದ್ರಂಗಿಲ್ರಿ” ಅಂದರು.

ಒಳ್ಳೆಯ ಮಾತುಗಳನ್ನೇ ಬರೆದರೆ ಅರ್ಧ ಸುಳ್ಳಾಗುತ್ತದೆ. ಕಾಕಾ ಅಂಜುಬುರುಕರು. “ನಮಗ್ಯಾಕ ಬೇಕ್ರಿ” ಎಂಬುದು ಅವರ ಬಾಯಲ್ಲಿ ದಿನಕ್ಕೆ ಹತ್ತು ಸಲ ಬರುತ್ತಿತ್ತು. ಯಾರದೋ ಜೀಪು ನಮ್ಮ ಅಂಗಡಿಗಳಿಗೆ ಅಡ್ಡ ನಿಂತರೆ, ನಾನು ಹೋಗಿ ಕೇಳಲು ಎದ್ದರೆ, ಹಿಂದಿನಿಂದ ಮೆಲ್ಲಗೆ ‘ನಮಗ್ಯಾಕ ಬೇಕ್ರಿ ಅಕ್ಕೋರ’. ಒಂದು ಸಲ ನನ್ನ ಕ್ಲಾಸಿನ ಹುಡುಗಿಯೊಬ್ಬಳ ಕೈಯನ್ನು ಒಬ್ಬ ಪೋಲಿ ಹಿಡಿದೆಳೆದ. ಹಾಡು ಹಗಲು, ಸ್ಟುಡಿಯೋದ ಎದುರಿಗೇ. ಕಾಕಾ ಮೆಟ್ಟಿಲ ಮೇಲೆ ನಿಂತಿದ್ದರು. ಪೊಲೀಸರಿಗೆ ದೂರು ಕೊಡಲು ಹೊರಟಾಗ ಒಂದು ಸಾಕ್ಷಿ ಹೇಳಿರೆಂದು ಕೇಳಿದೆ. “ನಾ ನೋಡಿಲ್ರಿ” ಅಂದರು. ಆ ಹುಡುಗಿ ಕ್ಲಾಸು ಬಿಟ್ಟಳು. ನಾನು ಎಷ್ಟೋ ದಿನ ಅವರ ಮುಖ ನೋಡಿ ಮಾತಾಡಲಿಲ್ಲ.

ಚಿಮಣಿ ಬಿದ್ದದ್ದು ಇದಾಗಿ ಕೆಲವು ವರ್ಷಗಳ ಮೇಲೆ, ಒಂದು ಬೇಸಿಗೆಯಲ್ಲಿ. ಯಾದಗಿರಿಯ ಒಂದು ಕಚೇರಿಯಲ್ಲಿ ಸಾಹೇಬರೊಬ್ಬರ ಬೀಳ್ಕೊಡುಗೆ ಇತ್ತು, ಫೋಟೋಕ್ಕೆ ಕಾಕಾನನ್ನು ಕರೆದಿದ್ದರು. ಅಲ್ಲಿ ಹೋದರೆ ಕಾರ್ಯಕ್ರಮ ಮುಂದಕ್ಕೆ ಹೋಗಿದೆ ಅಂದರು. ಕ್ಯಾಮೆರಾ ಚೀಲ ಹೆಗಲಿಗೆ ಹಾಕಿಕೊಂಡು ಬಸ್ಸಿಗೆಂದು ನಡೆದು ಬರುತ್ತಿದ್ದಾಗ ಹಳೆಯ ಗಿರಣಿಯ ಹತ್ತಿರ ಜನ ಸೇರಿದ್ದು ಕಂಡಿದೆ. ಆ ಹತ್ತಿ ಗಿರಣಿ ನಾನು ಶಾಲೆಗೆ ಹೋಗುವಾಗಲೇ ಮುಚ್ಚಿತ್ತು. ಒಳಗಿನ ಯಂತ್ರಗಳೆಲ್ಲ ಯಾವಾಗಲೋ ಹೋಗಿ, ಕೆಂಪು ಇಟ್ಟಿಗೆಯ ಚಿಮಣಿಯೊಂದು ಮಾತ್ರ ಉಳಿದಿತ್ತು. ಭೀಮಾ ನದಿಯ ಸೇತುವೆ ದಾಟಿ ಊರು ಸಮೀಪಿಸಿದರೆ ಬಸ್ಸಿನಲ್ಲಿದ್ದವರು ಅದನ್ನು ನೋಡಿಯೇ ಇಳಿಯಲು ಏಳುತ್ತಿದ್ದರು. ಜಾಗ ಮಾರಿದ್ದರು. ನಿವೇಶನ ಮಾಡಲು ಚಿಮಣಿ ಕೆಡವುತ್ತಿದ್ದರು.

ಆಗಿದ್ದನ್ನು ಅವರು ನನಗೆ ಹೇಳಿದ್ದು ಹೀಗೆ. “ಮಂದಿ ಎಲ್ಲ ಮ್ಯಾಲ ನೋಡಾಕತ್ತಿದ್ರು. ನಾನೂ ನೋಡ್ದೆ. ಹೋಟೆಲ್ ಮಾಲಕ ಗುರುತಿನಾಂವ. ಬರ್ರಿ, ಮಾಳಗಿ ಮ್ಯಾಲಿಂದ ಚಂದ ಕಾಣ್ತದ ಅಂದ. ಹೋದೆ. ಬುಲ್ಡೋಜರ್ ಬುಡ ಕೆರಿಯಾಕತ್ತಿತ್ತು. ಕೈ ಸುಮ್ನ ಇರಬೇಕಲ್ರಿ. ಕ್ಯಾಮೆರಾ ತೆಗದೆ.”

ತುದಿಗೆ ಉಕ್ಕಿನ ಹಗ್ಗ ಕಟ್ಟಿ ಬಯಲಿನ ಕಡೆ ಎಳೆದಿದ್ದರಂತೆ. ಎಳೆದ ಕಡೆಗೆ ಬೀಳಬೇಕಿದ್ದ ಚಿಮಣಿ, ಯಾರೂ ನಿರೀಕ್ಷಿಸದಿದ್ದಾಗಲೇ ಬುಡ ಕುಸಿದು, ಅರ್ಧಕ್ಕೆ ತಿರುಗಿ, ಪಕ್ಕದ ತಗಡಿನ ಶೆಡ್ಡಿನ ಮೇಲೆ ಬಿತ್ತು. ಕಾಕಾ ಹನ್ನೊಂದು ಚಿತ್ರ ತೆಗೆದಿದ್ದರು. ಆಮೇಲೆ ಧೂಳು ಎದ್ದು ಏನೂ ಕಾಣಲಿಲ್ಲ. ಸಂಜೆ ಶಹಾಪುರಕ್ಕೆ ಬಂದು ಇಳಿದಾಗ ಅವರ ತಲೆಗೂದಲು, ಹುಬ್ಬು ಎಲ್ಲ ಕೆಂಪಾಗಿತ್ತು. ಒಂದು ಮಗುವಿನ ಹಾಗೆ ಖುಷಿಯಾಗಿದ್ದರು. ಕಟ್ಟಡದ ಫೋಟೋ ಅವರು ತೆಗೆದದ್ದು ಅದೇ ಮೊದಲಿರಬೇಕು.

ವರದಿಗಾರನೊಬ್ಬ ಬಂದು ಒಂದು ಚಿತ್ರ ಒಯ್ದ. ಮರುದಿನ ಅದು ಪತ್ರಿಕೆಯ ಮುಖಪುಟದಲ್ಲಿ ದೊಡ್ಡದಾಗಿ ಬಂತು. ಕಾಕಾ ನಾಲ್ಕು ಪ್ರತಿ ಕೊಂಡರು. ಅದೇ ಪುಟದ ಕೆಳಗೆ ಇನ್ನೊಂದು ಸಣ್ಣ ಸುದ್ದಿ ಇತ್ತು. ಶೆಡ್ಡಿನಡಿ ಸಿಕ್ಕು ಕೂಲಿ ಹೆಣ್ಣುಮಗಳೊಬ್ಬಳು ಸತ್ತಿದ್ದಳು. ಎಲ್ಲರನ್ನೂ ಹೊರಗೆ ಕಳಿಸಲಾಗಿತ್ತು, ಹಳೆಯ ಕಬ್ಬಿಣ ಕದಿಯಲು ಆಕೆ ಕಣ್ಣು ತಪ್ಪಿಸಿ ಒಳಗೆ ಹೋಗಿದ್ದಳು ಎಂದು ಗುತ್ತಿಗೆದಾರರ ಕಡೆಯವರು ಹೇಳಿದ್ದರು. ಕಾಕಾ ಅದನ್ನು ಓದಿ ಪತ್ರಿಕೆ ಮಡಚಿಟ್ಟರು. ಆ ದಿನ ಜನ ಬಂದು ಹೊಗಳಿದರೆ ತಲೆ ಮಾತ್ರ ಆಡಿಸುತ್ತಿದ್ದರು.

ಐದಾರು ದಿನದ ಮೇಲೆ ಒಬ್ಬ ಬಂದ. ಮೂವತ್ತರ ಆಸುಪಾಸಿನ ಮನುಷ್ಯ, ಸುರಪುರದ ಕಡೆ, ಬೋನಾಳ ಸಮೀಪದ ಹಳ್ಳಿಯವನು. ಕೈಯಲ್ಲಿ ಅದೇ ಪತ್ರಿಕೆ. ಕಾಕಾ ನನ್ನ ಕ್ಲಾಸಿನಲ್ಲಿ ಚಹಾ ಕುಡಿಯುತ್ತಿದ್ದರು, ಅಲ್ಲಿಗೇ ಬಂದ.

“ಈ ಫೋಟೋ ನೀವ ತೆಗದಿದ್ದೇನ್ರಿ?”

“ಹೌದಪ್ಪ.”

“ಇದರಕಿಂತ ಮೊದ್ಲಿನವು ಇನ್ನೂ ಅವ ಏನ್ರಿ?”

“ಅವ. ಯಾಕಪ್ಪ?”

“ಅದ್ರಾಗ ನಮ್ಮ ಅಕ್ಕ ಕಾಣ್ತಾಳೇನೋ ನೋಡಬೇಕಿತ್ರಿ.”

ಕಾಕಾ ಚಹಾದ ಕಪ್ಪು ಕೆಳಗಿಟ್ಟರು. ನನ್ನ ಕಂಪ್ಯೂಟರಿನ ಪರದೆ ಅವರದಕ್ಕಿಂತ ದೊಡ್ಡದು. ಮೆಮೊರಿ ಕಾರ್ಡು ತಂದು ಹಾಕಿದರು. ಮೊದಲ ಮೂರು ಚಿತ್ರಗಳಲ್ಲಿ ಚಿಮಣಿ, ಬುಲ್ಡೋಜರ್, ದೂರದ ಜನ. ನಾಲ್ಕನೆಯದನ್ನು ದೊಡ್ಡದು ಮಾಡಿದಾಗ ಎಡಗಡೆಯ ಕೆಳಮೂಲೆಯಲ್ಲಿ ಹಸಿರು ಸೀರೆಯ ಒಬ್ಬಳು ಶೆಡ್ಡಿನ ಕಡೆ ನಡೆಯುತ್ತಿದ್ದಳು. ಕೈಯಲ್ಲಿ ಖಾಲಿ ಬುಟ್ಟಿ. ಅವಳ ಹಿಂದೆ ಹಳದಿ ಟೋಪಿಯ ಒಬ್ಬ ಮನುಷ್ಯ, ಕೈ ಪೂರಾ ಚಾಚಿ ಶೆಡ್ಡನ್ನು ತೋರಿಸುತ್ತಿದ್ದ. ಅವಳು ಕುತ್ತಿಗೆ ತಿರುಗಿಸಿ ಅವನನ್ನು ನೋಡುತ್ತಲೇ ನಡೆದಿದ್ದಳು. ಐದನೆಯದರಲ್ಲಿ ಶೆಡ್ಡಿನ ಬಾಗಿಲಲ್ಲಿ ಅವಳ ಬೆನ್ನು. ಆರನೆಯದರಲ್ಲಿ ಬುಡ ಕುಸಿದಿತ್ತು.

ಆತ ಪರದೆಗೆ ಬೆರಳು ಮುಟ್ಟಿಸಿ, “ಇಕೀನ್ರಿ” ಅಂದ. ಸ್ವಲ್ಪ ಹೊತ್ತು ಬೆರಳು ತೆಗೆಯಲಿಲ್ಲ. “ಹಳದಿ ಟೋಪಿ ಕೆಲಸ ಹಚ್ಚೋ ಮುಕಾದಮಂದು. ಸಲಿಕಿ, ಗುದ್ದಲಿ ಶೆಡ್ಡಿನಾಗ ಉಳಿದಾವ, ತಗೊಂಬಾ ಅಂತ ಅಂವನ ಕಳಿಸ್ಯಾನ. ಅಕಿ ಸಂಗ್ತಿ ಕೆಲಸ ಮಾಡೋರು ನನ್ನ ಮುಂದ ಹೇಳ್ತಾರ್ರಿ, ಪೊಲೀಸ್ರ ಮುಂದ ಹೇಳಂಗಿಲ್ಲ. ನಾಳಿ ಅವ್ರಿಗಿ ಕೆಲಸ ಬೇಕಲ್ಲ.”

ಅವನೇ ಮತ್ತೆ ಹೇಳಿದ. “ಸತ್ತಿದ್ದಕ್ಕ ಏನ್ ಮಾಡಾಕ ಬರ್ತದ್ರಿ. ಕಳ್ಳಿ ಅಂದ್ರಲ್ರಿ. ಅಕಿಗಿ ಇಬ್ರು ಹೆಣ್ಮಕ್ಕಳ ಅದಾರ. ಊರಾಗ ಈಗ್ಲೇ ಅವ್ರಿಗಿ ಕಳ್ಳಿ ಮಕ್ಕಳು ಅನ್ನಾಕತ್ತಾರ.”

ಕಾಕಾ, “ವಿಚಾರ ಮಾಡ್ತೀನಪ್ಪ” ಅಂದರು. ಆತ ಕೈ ಮುಗಿದು ಹೋದ. ಅವರು ಕಾರ್ಡನ್ನು ಅಂಗಿಯ ಜೇಬಿಗೆ ಹಾಕಿಕೊಂಡು ಗುಂಡಿ ಹಾಕಿ, ನನ್ನ ಕಡೆ ನೋಡದೆ ಎದ್ದರು. ನನಗೆ ಅವರ ಉತ್ತರ ಗೊತ್ತಿತ್ತು. ನಮಗ್ಯಾಕ ಬೇಕ್ರಿ.

ಮೂರು ದಿನ ಕಳೆದವು. ನಾಲ್ಕನೆಯ ದಿನ ಸ್ಟುಡಿಯೋದ ಮುಂದೆ ಕಾರೊಂದು ನಿಂತಿತು. ಇಳಿದು ಬಂದವನು ಗುತ್ತಿಗೆದಾರರ ಕಡೆಯವನು ಎಂದು ಆಮೇಲೆ ತಿಳಿಯಿತು. ದನಿ ಏರಿಸದೆ, ಬಹಳ ಮರ್ಯಾದೆಯಿಂದ ಮಾತಾಡಿದ. ನಡುವಿನ ಗೋಡೆ ತೆಳು, ಎಲ್ಲ ಕೇಳಿಸುತ್ತಿತ್ತು.

“ಫೋಟೋ ಇಡ್ರಿ, ಯಾರ್ ಬ್ಯಾಡ ಅಂದಾರ. ಮೂಲ್ಯಾಗ ಒಂದೆರಡು ಮಂದಿ ಕಾಣ್ತಾರಂತ. ಅವ್ರನ್ನ ಅಷ್ಟ ತೆಗದ್ರ ಆಯ್ತು. ನಿಮ್ಮ ಕೈ ಎಂಥಾದು ಅಂಬೋದು ಜಿಲ್ಲಾಕ್ಕ ಗೊತ್ತದ. ಸತ್ತವ್ರ ಕಣ್ಣು ತೆರಸೋರಿಗಿ ಇದೇನ್ ದೊಡ್ಡ ಮಾತ್ರಿ.”

ಆಮೇಲೆ ಕಾಕಾನ ದನಿ ಕೇಳಿಸಿತು. “ಕೂಡ್ಸೋದು ಗೊತ್ತದ್ರಿ ನನಗ. ತೆಗಿಯೋದು ಕಲ್ತಿಲ್ಲ.”

ಕಾರು ಹೋದ ಮೇಲೆ ಅವರು ನನ್ನ ಕ್ಲಾಸಿಗೆ ಬಂದು ಬೆಂಚಿನ ಮೇಲೆ ಕೂತರು. “ಸುಳ್ಳ ಹೇಳೀನಿ ಅಕ್ಕೋರ” ಅಂದರು. “ತೆಗಿಯೋದೂ ಗೊತ್ತದ. ಒಂದ ಸಲ ಮಾಡೀನಿ. ಒಂದು ಮನಿಯವ್ರು, ತಮ್ಮನ್ನ ಬಿಟ್ಟುಹೋದ ಸೊಸಿನ್ನ ಮನಿ ಮಂದಿ ಫೋಟೋದಾಗಿಂದ ತೆಗಿರಿ ಅಂದ್ರು. ತೆಗದೆ. ಅಕಿ ನಿಂತ ಜಾಗಕ್ಕ ಗ್ವಾಡಿ ಬಣ್ಣ ತುಂಬಿದೆ. ಅಕಿ ಕೈ ಒಂದು ಕೂಸಿನ ಹೆಗಲ ಮ್ಯಾಲಿತ್ತು. ಅದನ್ನೂ ತೆಗದೆ. ಆವತ್ತು ಊಟ ಸೇರ್ಲಿಲ್ಲ.”

ನಾನು ನೀರು ಕೊಟ್ಟೆ. ಅವರು ಲೋಟವನ್ನು ಹಿಡಿದುಕೊಂಡೇ ಕೂತರು.

“ನಿಮ್ಮ ಆ ಹುಡುಗಿ ವಿಷಯದಾಗ ನಾ ನೋಡಿಲ್ಲ ಅಂದಿದ್ದೆ. ನೋಡಿದ್ದೆ ಅಕ್ಕೋರ.”

ನನಗೆ ಗೊತ್ತಿತ್ತು. ಆ ಹುಡುಗಿ ಎಲ್ಲಿದ್ದಾಳೆಂದು ಕೇಳಿದರು. ಮದುವೆಯಾಗಿ ಗುರುಮಠಕಲ್ ಕಡೆ ಹೋದಳೆಂದು ಹೇಳಿದೆ. ತಲೆಯಾಡಿಸಿದರು. “ನಾಳಿ ಯಾದಗಿರಿಗಿ ಹೋಗ್ತೀನಿ. ಪೊಲೀಸ್ರಿಗಿ ಕಾರ್ಡ್ ಕೊಟ್ಟು ಬರ್ತೀನಿ. ನೀವೂ ಬರ್ತೀರೇನು? ಒಬ್ನ ಹೋದ್ರ ನಡೂ ದಾರ್ಯಾಗ ಇಳದು ಬಂದುಬಿಡ್ತೀನಿ.”

ಹೋದೆವು. ಮದುವೆ ಫೋಟೋಕ್ಕೆ ಹೋಗುವಾಗ ಹಾಕುವ ಇಸ್ತ್ರಿಯ ಅಂಗಿ ಹಾಕಿದ್ದರು. ದಾರಿಯುದ್ದಕ್ಕೂ ಕಾರ್ಡು ಇಟ್ಟ ಜೇಬನ್ನು ಮುಟ್ಟಿ ನೋಡುತ್ತಿದ್ದರು.

ಕೇಸು ಎಳೆಯುತ್ತ ಹೋಯಿತು. ಕಾರ್ಡು ಪರೀಕ್ಷೆಗೆಂದು ಎಲ್ಲಿಗೋ ಹೋಗಿ ಬಹಳ ದಿನ ಬರಲಿಲ್ಲ. ಆ ಅವಧಿಯಲ್ಲಿ ಕಾಕಾನಿಗೆ ಸಣ್ಣಪುಟ್ಟ ಕಿರುಕುಳಗಳು ಆದವು. ಬರುತ್ತಿದ್ದ ಕಚೇರಿಯ ಕೆಲಸಗಳು ನಿಂತವು. ಒಂದು ದಿನ ಬೆಳಗ್ಗೆ ಬಂದರೆ ಸ್ಟುಡಿಯೋದ ಗಾಜು ಒಡೆದಿತ್ತು. ಹೊಸ ಗಾಜು ಹಾಕಿಸದೆ ಅಲ್ಲಿ ರಟ್ಟು ಅಂಟಿಸಿದರು.

ಮೂರು ವರ್ಷದ ಮೇಲೆ ಸಾಕ್ಷಿಗೆ ಕರೆ ಬಂತು. ಚಿತ್ರಗಳನ್ನು ದೊಡ್ಡದು ಮಾಡಿ ಪ್ರಿಂಟ್ ತೆಗೆದವಳು ನಾನಾದ್ದರಿಂದ ನನಗೂ ಬಂದಿತ್ತು. ಅದರಿಂದಾಗಿ ಆ ದಿನದ್ದನ್ನು ನಾನು ಕಣ್ಣಾರೆ ಕಂಡೆ. ಎದುರು ಕಡೆಯ ವಕೀಲರು ಚಿಮಣಿಯ ಬಗ್ಗೆ ಹೆಚ್ಚು ಕೇಳಲೇ ಇಲ್ಲ. ಕಟ್ಟು ಹಾಕಿದ ಒಂದು ಫೋಟೋ ತಂದಿದ್ದರು. ಯಾರೋ ಒಬ್ಬ ಹಿರಿಯರದು, ಹಾರ ಹಾಕಿದ್ದು. ಅದನ್ನು ಕಾಕಾನ ಕೈಗೆ ಕೊಟ್ಟರು.

“ಇದು ನಿಮ್ಮ ಸ್ಟುಡಿಯೋದಾಗ ಆದ ಫೋಟೋ ಹೌದಲ್ರಿ?”

“ಹೌದ್ರಿ.”

“ಈ ಫೋಟೋ ತೆಗಿಯೋ ಹೊತ್ತಿನ್ಯಾಗ ಇವ್ರು ಬದುಕಿದ್ರೇನು?”

“ಇಲ್ರಿ.”

“ಹಂಗಾರ ಈ ಕಣ್ಣು ಯಾರವು?”

“ಅವ್ರ ಮಗನವ್ರಿ.”

ಹಿಂದಿನ ಬೆಂಚಿನಲ್ಲಿ ಯಾರೋ ನಕ್ಕರು. ವಕೀಲರು ನಗಲಿಲ್ಲ. “ಅಂದ್ರ ಫೋಟೋದಾಗ ಇಲ್ಲದ್ದನ್ನ ಖರೇ ಕಾಣೋ ಹಂಗ ಕೂಡ್ಸೋದು ನಿಮ್ಮ ಕಸಬು.”

ಕಾಕಾ ಆ ಫೋಟೋವನ್ನು ನೋಡುತ್ತಲೇ, “ಹೌದ್ರಿ” ಅಂದರು.

ಮೂವತ್ತು ವರ್ಷ ಜನ ಕೈ ಮುಗಿದು ಕೊಂಡಾಡಿದ ಕೆಲಸ ಒಂದು ನಿಮಿಷದಲ್ಲಿ ಕಳ್ಳತನದಂತೆ ಕೇಳಿಸಿತು. ಕಟಕಟೆಯ ಆಚೆ ಸತ್ತವಳ ತಮ್ಮ ನಿಂತಿದ್ದ. ಅವನ ಮುಖ ನೋಡಲಾಗಲಿಲ್ಲ. ಇನ್ನೇನಾದರೂ ಹೇಳುವುದಿದೆಯೇ ಎಂದು ನ್ಯಾಯಾಧೀಶರು ಕೇಳಿದರು. ಕಾಕಾ ತಲೆ ಎತ್ತಿದರು.

“ಸಾಹೇಬ್ರ, ಈ ಕಣ್ಣು ಮನಿಯವ್ರು ಬೇಕಂದ್ರು, ಅವ್ರಿಗಿ ಗೊತ್ತಿದ್ದೇ ಕೂಡ್ಸೀನಿ. ಆ ಹೆಣ್ಮಗಳ್ನ ನಾ ಕೂಡ್ಸಿಲ್ಲ. ನಾ ಆವತ್ತು ಅಕಿನ್ನ ನೋಡೇ ಇಲ್ರಿ. ಕ್ಯಾಮೆರಾದಾಗ ಚಿಮಣಿ ಒಂದ ನೋಡಾಕತ್ತಿದ್ದೆ. ಅಕಿನ್ನ ನೋಡಿದ್ರ ಚೀರ್ತಿದ್ದೆ. ಮಾಳಗಿ ಮ್ಯಾಲಿಂದ ಚೀರಿದ್ರ ಕೇಳಸ್ತಿತ್ತು.”

ಅಷ್ಟೇ ಹೇಳಿದರು. ಆಮೇಲೆ ಕೋರ್ಟಿನ ಹೊರಗೆ ಬೇವಿನ ಮರದ ಕೆಳಗೆ ಕೂತಾಗ ಮತ್ತೆ ಅದನ್ನೇ ಹೇಳಿದರು, ನನಗೋ ತಮಗೋ ತಿಳಿಯದಂತೆ. “ಮೂವತ್ತು ವರ್ಷ ಮಂದಿ ಮುಖ ನೋಡೀನಿ. ಅದೊಂದು ದಿನ ನೋಡ್ಲಿಲ್ಲ.”

ಅವರು ಆ ಚಿತ್ರದ ಬಗ್ಗೆ ಯಾರು ಹೊಗಳಿದರೂ ಯಾಕೆ ಮುಖ ತಿರುಗಿಸುತ್ತಿದ್ದರೆಂದು ನನಗೆ ತಿಳಿದದ್ದು ಆಗ.

ಕಾರ್ಡಿನಲ್ಲಿದ್ದದ್ದು ತಿದ್ದದ ಚಿತ್ರಗಳೆಂದು ಪರೀಕ್ಷೆಯಲ್ಲಿ ಬಂದಿತ್ತು. ತೀರ್ಪು ಬಂದಾಗ ಮುಕಾದಮನಿಗೂ ಗುತ್ತಿಗೆದಾರರಿಗೂ ಶಿಕ್ಷೆಯಾಯಿತು. ಅವರು ಮೇಲಿನ ಕೋರ್ಟಿಗೆ ಹೋದರು, ಅದು ಬೇರೆ. ಸತ್ತವಳ ತಮ್ಮ ತೀರ್ಪಿನ ಪ್ರತಿ ಹಿಡಿದುಕೊಂಡು ನನ್ನ ಹತ್ತಿರ ಬಂದ. ಅದರಲ್ಲಿ ಒಂದು ವಾಕ್ಯಕ್ಕೆ ಯಾರ ಕೈಯಿಂದಲೋ ಪೆನ್ನಿನ ಗೆರೆ ಎಳೆಸಿದ್ದ. ಮೃತಳು ಕಳವಿಗಾಗಿ ಅಲ್ಲ, ಮೇಲ್ವಿಚಾರಕನ ಸೂಚನೆಯಂತೆ ಕೆಲಸದ ಸಲುವಾಗಿಯೇ ಒಳಗೆ ಹೋಗಿದ್ದಳು ಎಂಬ ವಾಕ್ಯ. “ಇದೊಂದ ಸಾಲು ದೊಡ್ಡ ಅಕ್ಷರದಾಗ ಹೊಡದು ಕೊಡ್ರಿ” ಅಂದ. ಹೊಡೆದು ಕೊಟ್ಟೆ. ಕಾಕಾ ಅದಕ್ಕೆ ಕಟ್ಟು ಹಾಕಿಸಿ ಕೊಟ್ಟರು. ಅದನ್ನು ಆತ ಊರಿಗೆ ಒಯ್ದು, ಕಟ್ಟೆಯ ಮೇಲೆ ಕೂತಿದ್ದವರಿಗೆ ಅಕ್ಕನ ದೊಡ್ಡ ಮಗಳಿಂದ ಓದಿಸಿದನಂತೆ.

ಅಷ್ಟಕ್ಕೆ ಎಲ್ಲ ಸರಿಹೋಯಿತೆಂದು ನಾನು ತಿಳಿದಿದ್ದೆ. ಒಂದು ವಾರದಲ್ಲಿ ಹಳ್ಳಿಯವರೊಬ್ಬರು ತಮ್ಮ ತಾಯಿಯ ಫೋಟೋ ತಂದರು, ಕಣ್ಣು ತೆರೆಸಲು. ಕಾಕಾ ಅದನ್ನು ಎರಡೂ ಕೈಯಿಂದ ವಾಪಸ್ಸು ಕೊಟ್ಟರು. “ಆ ಕೆಲಸ ಬಿಟ್ಟೀನಪ್ಪ.” ಯಾಕೆಂದು ಕೇಳಿದರೆ ಹೇಳಲಿಲ್ಲ. ಆಮೇಲೂ ಎಷ್ಟೋ ಜನ ಬಂದರು, ಬೇಡಿಕೊಂಡರು. ಕುಂಚದ ಡಬ್ಬಿಯನ್ನು ಅವರು ಮನೆಗೆ ಒಯ್ದಿಟ್ಟಿದ್ದರು. ಜನ ಬರುವುದು ಕಡಿಮೆಯಾಯಿತು. ಬಸ್ ಪಾಸಿನ ಫೋಟೋ, ರೇಷನ್ ಕಾರ್ಡಿನ ಫೋಟೋ, ಅಷ್ಟರಲ್ಲಿ ದಿನ ತೆಗೆಯುತ್ತಿದ್ದರು.

ಆ ವರ್ಷವೇ ನನ್ನ ಅವ್ವ ತೀರಿಕೊಂಡಳು. ಸುರಪುರದಲ್ಲಿ ನನ್ನ ತಮ್ಮನ ಮನೆಯಲ್ಲಿದ್ದಳು. ಅವ್ವನ ಒಂದು ಒಳ್ಳೆಯ ಫೋಟೋ ನಮ್ಮಲ್ಲಿರಲಿಲ್ಲ. ಪಕ್ಕದಲ್ಲೇ ಸ್ಟುಡಿಯೋ ಇದ್ದೂ ಇರಲಿಲ್ಲ. ಶಹಾಪುರಕ್ಕೆ ಬಂದಾಗೆಲ್ಲ ಕರೆದರೆ, “ಮುಂದಿನ ಸಲ ಚಲೋ ಸೀರಿ ಉಟ್ಟು ಬರ್ತೀನಿ” ಅನ್ನುತ್ತಿದ್ದಳು. ಆಧಾರ್ ಕಾರ್ಡಿನಲ್ಲಿದ್ದ ಮುಖ ತನ್ನದೆಂದು ಅವಳೇ ಒಪ್ಪಿರಲಿಲ್ಲ. ಕೊನೆಗೆ ಉಳಿದದ್ದು ತಮ್ಮ ಮೊಬೈಲಿನಲ್ಲಿ ತೆಗೆದ, ಕಟ್ಟೆಗೆ ಆನಿಸಿದ, ಕಣ್ಣು ಮುಚ್ಚಿದ ಒಂದು ಫೋಟೋ. ಹದಿಮೂರನೆಯ ದಿನದ ಮೊದಲು ಅದನ್ನು ಹಿಡಿದು ಕಾಕಾನ ಹತ್ತಿರ ಹೋದೆ.

“ಕಾಕಾ, ಅವ್ವಂದೊಂದು ಮಾಡಿಕೊಡ್ರಿ. ಮತ್ತ ಯಾರ್ದೂ ಮಾಡಬ್ಯಾಡ್ರಿ.”

“ಬಿಟ್ಟೀನ್ರಿ ಅಕ್ಕೋರ.”

“ಅವ್ವನ ಕಣ್ಣು ನನಗ ಬಂದಾವ. ನನ್ನವ ತಗೋರಿ.”

ಅವರು ನನ್ನ ಕಣ್ಣನ್ನು ನೋಡಿದರು. ಮೊದಲ ಸಲ ಒಬ್ಬ ಗಿರಾಕಿಯನ್ನು ನೋಡುವಂತೆ ನೋಡಿದರು. “ಖರೇ ಅದ. ಅವ ಕಣ್ಣು” ಅಂದರು. “ಆದ್ರ ಆಗಂಗಿಲ್ರಿ.”

ನಾನು ಆಡಬಾರದ ಮಾತು ಆಡಿದೆ. “ಗುರ್ತಿಲ್ಲದ ಹೆಣ್ಮಗಳ ಸಲುವಾಗಿ ಮೂರು ವರ್ಷ ಕೋರ್ಟಿಗಿ ತಿರಗಿದ್ರಿ. ನಮ್ಮ ಅವ್ವನ ಸಲುವಾಗಿ ಒಂದು ತಾಸು ಕುಂದ್ರಾಕ ಆಗಂಗಿಲ್ಲ. ಯಾವನೋ ವಕೀಲ ಕೇಳಿದ್ದಕ್ಕ ನಿಮ್ಮ ಕೈ ಬಿದ್ದು ಹೋತೇನು?”

ನಾನು ಬಂದುಬಿಟ್ಟೆ. ಆ ಕಣ್ಣು ಮುಚ್ಚಿದ ಫೋಟೋವನ್ನು ಇಟ್ಟೇ ಹದಿಮೂರನೆಯ ದಿನ ಮಾಡಿದೆವು.

ಎಂಟು ತಿಂಗಳು ನಾವು ಮಾತಾಡಲಿಲ್ಲ. ಬೆಳಗ್ಗೆ ಬಾಗಿಲು ತೆರೆಯುವಾಗ ಎದುರಾದರೆ ಅವರು ಕೈ ಎತ್ತುತ್ತಿದ್ದರು, ನಾನು ಬೀಗದ ಕಡೆ ನೋಡುತ್ತಿದ್ದೆ. ಅಷ್ಟರಲ್ಲಿ ನನ್ನಲ್ಲೂ ಮಷಿನ್‌ಗಳು ಹೋಗಿ ಕಂಪ್ಯೂಟರುಗಳೇ ಉಳಿದಿದ್ದವು. ಅವರಿಗೆ ಗೋಡೆ ಕುಟ್ಟುವ ಅಗತ್ಯವಿರಲಿಲ್ಲ. ಸ್ಟುಡಿಯೋದಲ್ಲಿ ಗಿರಾಕಿಗಳಿಲ್ಲದಿದ್ದರೂ ಟ್ಯೂಬ್‌ಲೈಟು ದಿನವಿಡೀ ಉರಿಯುತ್ತಿರುವುದು ಕಾಣುತ್ತಿತ್ತು. ಒಳಗೆ ಏನು ಮಾಡುತ್ತಿದ್ದಾರೆಂದು ಕೇಳುವ ಮನಸ್ಸು ನನಗಿರಲಿಲ್ಲ.

ಒಂದು ಮಧ್ಯಾಹ್ನ ಕ್ಲಾಸಿನ ಮಕ್ಕಳೆಲ್ಲ ಹೋದ ಮೇಲೆ ಅವರು ಬಾಗಿಲಲ್ಲಿ ಬಂದು ನಿಂತರು. ಕೈಯಲ್ಲಿ ಕಾಗದದ ಒಂದು ಲಕೋಟೆ. “ಒಳಗ ಬರ್ಲೇನ್ರಿ?” ಅಂದರು. ಇಪ್ಪತ್ತಾರು ವರ್ಷದಲ್ಲಿ ಹಾಗೆ ಕೇಳಿರಲಿಲ್ಲ. ಕೂತುಕೊಳ್ಳಿ ಎಂದೆ. ಲಕೋಟೆಯಿಂದ ಒಂದು ಫೋಟೋ ತೆಗೆದು ಮೇಜಿನ ಮೇಲಿಟ್ಟರು.

ಒಂದು ಬಟ್ಟೆಯ ಅಂಗಡಿಯ ಆರಂಭದ ಫೋಟೋ ಅದು. ಬಾಗಿಲಿಗೆ ಮಾವಿನ ತೋರಣ. ಅಂಗಡಿಯವರ ಮನೆಮಂದಿ ಸಾಲಾಗಿ ನಿಂತಿದ್ದಾರೆ, ಮುಂದೆ ಮಕ್ಕಳು. ಅವರಲ್ಲಿ ಯಾರೂ ನನಗೆ ಗುರುತಿನವರಲ್ಲ. ಬಲತುದಿಯಲ್ಲಿ, ಆ ಸಾಲಿಗೆ ಸೇರದೆ, ಮೆಟ್ಟಿಲ ಕೆಳಗೆ ಅವ್ವ ನಿಂತಿದ್ದಳು. ಕೈಯಲ್ಲಿ ಸಂತೆಯ ಚೀಲ. ಇನ್ನೊಂದು ಕೈ ಸೊಂಟದ ಮೇಲೆ. ನಲವತ್ತೈದರ ಅವ್ವ, ಕೂದಲು ಇನ್ನೂ ಕಪ್ಪು. ಫೋಟೋದ ಆಚೆ ಯಾರನ್ನೋ ನೋಡಿ ನಗುತ್ತಿದ್ದಳು. ಕಣ್ಣು ಪೂರಾ ತೆರೆದಿತ್ತು.

“ಸುರಪುರದಾಗ ತೆಗದಿದ್ದು” ಅಂದರು ಕಾಕಾ. “ಹಳೇ ನೆಗೆಟಿವ್ ಎಲ್ಲ ಡಬ್ಬಿ ತುಂಬ ಇದ್ವು. ಸುರಪುರದವು ಅಷ್ಟ ತೆಗದು ಒಂದೊಂದ ನೋಡ್ಕೋತ ಬಂದೆ. ನೆಗೆಟಿವಿನಾಗ ಕರೀದು ಬಿಳೀದು ಕಾಣ್ತದ, ಮುಖ ಜಲ್ದಿ ಗುರ್ತ ಹತ್ತಂಗಿಲ್ಲ. ನಿಮ್ಮ ಅವ್ವ ನಿಂದ್ರೋ ರೀತಿ ಗುರ್ತಿತ್ತು. ನಿಮ್ಮ ಬಾಗಿಲದಾಗ ಹಿಂಗ ಕೈ ಇಟ್ಕೊಂಡು ನಿಂದರ್ತಿದ್ರಲ್ರಿ.”

ಎಂಟು ತಿಂಗಳ ಟ್ಯೂಬ್‌ಲೈಟು ಅದು. ನಾನಾಡಿದ ಮಾತಿಗೆ ತಪ್ಪಾಯಿತೆಂದು ಹೇಳಲು ಬಾಯಿ ತೆರೆದೆ. ಅವರು ಕೈ ಅಡ್ಡ ಹಿಡಿದರು.

“ಯಾರನ್ನ ನೋಡಿ ನಗಾಕತ್ತಾಳ್ರಿ ಕಾಕಾ?”

“ಅದು ಫೋಟೋದಾಗ ಬಂದಿಲ್ರಿ.”

ಬೇಕಾದರೆ ಉಳಿದವರನ್ನು ಬಿಟ್ಟು ಅವ್ವನನ್ನಷ್ಟೇ ದೊಡ್ಡದು ಮಾಡಿ ಕೊಡುತ್ತೇನೆ ಎಂದರು. ಸ್ವಲ್ಪ ಮಸುಕು ಬರಬಹುದು, ಅಷ್ಟೇ ಎಂದರು. ಆ ಸಾಲಿನಲ್ಲಿ ನಿಂತವರನ್ನು ನೋಡಿದೆ. ಹೊಸ ಅಂಗಿಯ ಮಕ್ಕಳು, ಕೈಕಟ್ಟಿದ ಗಂಡಸರು, ಒಬ್ಬ ಮುದುಕಿ. ಬೇಡ, ಎಲ್ಲರೂ ಇರಲಿ ಎಂದೆ.

ಆ ಫೋಟೋ ಈಗ ನಮ್ಮ ಪಡಸಾಲೆಯಲ್ಲಿದೆ. ಮನೆಗೆ ಬಂದವರು ಅದನ್ನು ನೋಡಿ, ಇವರೆಲ್ಲ ನಿಮಗೇನಾಗಬೇಕು ಎಂದು ಕೇಳುತ್ತಾರೆ. ಏನೂ ಆಗಬೇಕಿಲ್ಲ, ಯಾರೆಂದೂ ಗೊತ್ತಿಲ್ಲ ಎನ್ನುತ್ತೇನೆ. ಅವರಿಗೆ ಅರ್ಥವಾಗುವುದಿಲ್ಲ. ಆಗ ಎದ್ದು ಹೋಗಿ ಬಲತುದಿಯಲ್ಲಿ ಬೆರಳಿಟ್ಟು ತೋರಿಸುತ್ತೇನೆ.